ಪ್ಯಾನ್ ಇವರದು, ದೆಹಲಿಯ ವ್ಯಾಪಾರ ಯಾರದೋ

ಒಟಿಪಿ ಕೇಳಿ ಖಾತೆ ಖಾಲಿ ಮಾಡುವ ಮೋಸ ಈಗ ಎಲ್ಲರಿಗೂ ಗೊತ್ತು. ದುಡ್ಡು ಹೋದ ತಕ್ಷಣ ಫೋನಿಗೆ ಮೆಸೇಜ್ ಬರುತ್ತದೆ, ಎದೆ ಧಸಕ್ ಅನ್ನುತ್ತದೆ, ಜನ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡುತ್ತಾರೆ. ಗುರುತಿನ ಕಳ್ಳತನ ಹಾಗಲ್ಲ. ನಿಮ್ಮ ದುಡ್ಡನ್ನು ಯಾರೂ ಮುಟ್ಟುವುದಿಲ್ಲ. ನಿಮ್ಮ ಪ್ಯಾನ್, ಆಧಾರ್ ಇಟ್ಟುಕೊಂಡು ನಿಮ್ಮ ಹೆಸರಲ್ಲಿ ಸಾಲ ಎತ್ತುತ್ತಾರೆ, ಸಿಮ್ ತಗೊಳ್ತಾರೆ, ವ್ಯಾಪಾರ ಶುರು ಮಾಡುತ್ತಾರೆ. ವಸೂಲಿಯವರು ಬಾಗಿಲಿಗೆ ಬಂದಾಗಲೋ, ನೋಟಿಸ್ ಬಂದಾಗಲೋ ನಿಮಗೆ ಸುದ್ದಿ.

ನಾನು ರಾಜಾಜಿನಗರದ ಒಂದು ಟ್ಯಾಕ್ಸ್ ಕನ್ಸಲ್ಟೆಂಟ್ ಆಫೀಸಿನಲ್ಲಿ ರಿಟರ್ನ್ ಹಾಕುವ ಕೆಲಸ ಮಾಡುತ್ತೇನೆ. ಇಲ್ಲಿ ಕೂತು ನನಗೆ ಗಟ್ಟಿಯಾಗಿ ತಿಳಿದ ವಿಷಯ ಒಂದು. ನೋಟಿಸ್ ಬರುವುದಕ್ಕೆ ಎಷ್ಟೋ ಮೊದಲೇ ಈ ಕಳ್ಳತನ ನಿಮ್ಮದೇ ದಾಖಲೆಯಲ್ಲಿ ಒಂದು ಸಾಲಾಗಿ ಕಾಣಿಸಿಕೊಂಡಿರುತ್ತದೆ. ಅದನ್ನು ಯಾರೂ ತೆಗೆದು ನೋಡಿರುವುದಿಲ್ಲ, ಅಷ್ಟೇ.

ಕ್ಯಾಬ್ ಓಡಿಸುವವರು ನಮ್ಮಲ್ಲಿಗೆ ಜಾಸ್ತಿ ಬರುತ್ತಾರೆ. ಆ್ಯಪ್ ಕಂಪನಿ ಮೊದಲೇ ಹಿಡಿದುಕೊಂಡ ತೆರಿಗೆ, ಅಂದರೆ ಟಿಡಿಎಸ್, ರಿಫಂಡ್ ಬರಬೇಕಲ್ಲ, ಅದಕ್ಕೆ. ಒಬ್ಬರ ಎಐಎಸ್ ತೆಗೆದೆ. ಇದು ವರ್ಷವಿಡೀ ನಿಮ್ಮ ಪ್ಯಾನ್ ಮೇಲೆ ನಡೆದ ವ್ಯವಹಾರದ ಪಟ್ಟಿ. 2021ರ ನವೆಂಬರ್‌ನಿಂದ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಸಿಗುತ್ತಿದೆ. ಆ್ಯಪ್ ಕಂಪನಿ ಕೊಟ್ಟ ದುಡ್ಡು ಇತ್ತು, ಉಳಿತಾಯ ಖಾತೆಯ ಬಡ್ಡಿ ಇತ್ತು. ಕೆಳಗೆ ಇನ್ನೊಂದು ಸಾಲು, ಜಿಎಸ್‌ಟಿ ಟರ್ನೋವರ್. ಲಕ್ಷಗಟ್ಟಲೆ.

"ಅಣ್ಣ, ನಿಮ್ಮದು ಬೇರೆ ಏನಾದ್ರೂ ವ್ಯಾಪಾರ ಇದೆಯಾ?" ಅಂತ ಕೇಳಿದೆ.

"ಇಲ್ಲ ಮೇಡಂ. ಗಾಡಿ ಬಿಟ್ರೆ ಏನೂ ಇಲ್ಲ."

ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ಹಾಕಿ ಹುಡುಕಬಹುದು, ಲಾಗಿನ್ ಕೂಡ ಬೇಡ. ಹುಡುಕಿದೆ. ಅವರ ಹೆಸರಲ್ಲಿ ಒಂದು ನೋಂದಣಿ ಇತ್ತು. ಜಿಎಸ್‌ಟಿ ನಂಬರ್ ಅಂದರೆ 15 ಅಕ್ಷರ. ಮೊದಲ ಎರಡು ರಾಜ್ಯದ ಕೋಡ್, ಆಮೇಲಿನ ಹತ್ತು ಆ ವ್ಯಕ್ತಿಯ ಪ್ಯಾನ್. ಕರ್ನಾಟಕದ ಕೋಡ್ 29. ಇದು 07ರಿಂದ ಶುರುವಾಗಿತ್ತು, ಅಂದರೆ ದೆಹಲಿ. ಮುಂದಿನ ಹತ್ತು ಅಕ್ಷರವನ್ನು ಅವರ ಕಾರ್ಡಿನ ಪಕ್ಕ ಇಟ್ಟು ಒಂದೊಂದಾಗಿ ಬೆರಳಿಟ್ಟು ತೋರಿಸಿದೆ. ಅವರ ಮುಖ ಇಳಿದುಹೋಯಿತು. "ನಾನು ದೆಹಲಿ ಕಡೆ ಹೋಗೇ ಇಲ್ವಲ್ಲ ಮೇಡಂ" ಅಂದರು.

ಇಂಥ ಬೋಗಸ್ ಸಂಸ್ಥೆಗಳು ಸಾಮಾನೇ ಇಲ್ಲದೆ ಬಿಲ್ ಬರೆಯುತ್ತವೆ. ಆ ಬಿಲ್ ತೋರಿಸಿ ಇನ್ಯಾರೋ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ತಗೊಳ್ತಾರೆ, ಅಂದರೆ ಖರೀದಿಯಲ್ಲಿ ತೆರಿಗೆ ಕಟ್ಟಿದ್ದೇವೆ ಅಂತ ತೋರಿಸಿ ತಾವು ಕಟ್ಟಬೇಕಾದ ತೆರಿಗೆಯಲ್ಲಿ ಅಷ್ಟನ್ನು ಕಳೆದುಕೊಳ್ತಾರೆ. ಆಮೇಲೆ ಸಂಸ್ಥೆ ಮಾಯ. ತೆರಿಗೆ ಇಲಾಖೆಗೆ ಉಳಿಯುವುದು ಪ್ಯಾನ್ ಮಾತ್ರ, ನೋಟಿಸ್ ಅದರ ಒಡೆಯನಿಗೆ. 2023ರ ಮೇ ತಿಂಗಳಿಂದ ಜುಲೈವರೆಗೆ ದೇಶಾದ್ಯಂತ ವಿಶೇಷ ತಪಾಸಣೆ ನಡೆದಾಗ ಹೀಗೆ ಅಸ್ತಿತ್ವವೇ ಇಲ್ಲದ 21,791 ನೋಂದಣಿಗಳು ಸಿಕ್ಕವು. 24,010 ಕೋಟಿ ರೂಪಾಯಿ ತೆರಿಗೆ ವಂಚನೆಯ ಶಂಕೆ ಇತ್ತು. ಇದು ಎಲ್ಲೋ ಒಬ್ಬರಿಬ್ಬರ ಕಥೆ ಅಲ್ಲ.

ಇಂಥ ಹೊತ್ತಲ್ಲಿ ಎಲ್ಲರೂ ಕೇಳುವ ಮೊದಲ ಪ್ರಶ್ನೆ, "ನನ್ನ ಪ್ಯಾನ್ ಅಲ್ಲಿಗೆ ಹೇಗೆ ಹೋಯ್ತು?" ಸಿಮ್‌ಗೆ, ಬಾಡಿಗೆ ಮನೆಗೆ, ಕಂತಿನ ಫೋನಿಗೆ, ಸಾಲದ ಏಜೆಂಟ್‌ಗೆ ಅಂತ ಎಲ್ಲೆಲ್ಲಿ ಕೊಟ್ಟಿದ್ದೇವೋ ಯಾರಿಗೆ ನೆನಪಿರುತ್ತದೆ? ಅದನ್ನು ಹುಡುಕುವುದು ಪೊಲೀಸರ ಕೆಲಸ. ಆ ದಿನ ನಮ್ಮ ಕೆಲಸ ಬೇರೆ.

ಮೊದಲು ಎಐಎಸ್ ಮತ್ತು ಜಿಎಸ್‌ಟಿ ಪುಟದ ಪ್ರತಿ ಇಳಿಸಿಕೊಂಡು, ದಿನಾಂಕ ಬರೆದು ಇಟ್ಟುಕೊಂಡೆವು. ಎಐಎಸ್‌ನಲ್ಲೇ ಆ ಸಾಲಿನ ಮುಂದೆ ಈ ಮಾಹಿತಿ ತನ್ನದಲ್ಲ ಎಂದು ನಿರಾಕರಿಸುವ ಆಯ್ಕೆ ಇದೆ, ಅದನ್ನು ಒತ್ತಿದೆವು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ದುರ್ಬಳಕೆ ಅಂತಲೇ ದೂರು ಕೊಟ್ಟೆವು. ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಇನ್ನೊಂದು ದೂರು. ಆಮೇಲೆ ಅವರು ತಮ್ಮ ಭಾಗದ ಸಿಇಎನ್ ಠಾಣೆಗೆ ಹೋದರು. ಸೈಬರ್ ಅಪರಾಧದ ದೂರು ನೋಡಿಕೊಳ್ಳುವ ಪೊಲೀಸ್ ಠಾಣೆ ಅದು. ಬೇರೆಯವರ ಗುರುತನ್ನು ಕದ್ದು ಬಳಸುವುದು ಐಟಿ ಕಾಯ್ದೆಯ 66ಸಿ ಕಲಂ ಪ್ರಕಾರ ಅಪರಾಧ, 3 ವರ್ಷದವರೆಗೆ ಜೈಲು ಮತ್ತು 1 ಲಕ್ಷ ರೂಪಾಯಿವರೆಗೆ ದಂಡ.

ದೂರಿನ ಅರ್ಜಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಹೆಚ್ಚಿನವರು "ನನಗೆ ಮೋಸವಾಗಿದೆ, ದಯವಿಟ್ಟು ನ್ಯಾಯ ಕೊಡಿಸಿ" ಅಂತ ಬರೆದು ತರುತ್ತಾರೆ. ಅವರ ಸಂಕಟ ನಿಜ. ಆದರೆ ಓದುವ ಅಧಿಕಾರಿಗೆ ಅದರಲ್ಲಿ ಹಿಡಿಯುವುದಕ್ಕೆ ಏನೂ ಸಿಗುವುದಿಲ್ಲ. ನಾವು ಕನ್ನಡದಲ್ಲೇ ಒಂದು ಪುಟ ಬರೆದೆವು. ಇಂಥ ದಿನ ಎಐಎಸ್ ನೋಡಿದಾಗ ಇಂಥ ನಂಬರಿನ ನೋಂದಣಿ ಕಂಡಿತು. ನಾನು ಅರ್ಜಿ ಹಾಕಿಲ್ಲ, ಸಹಿ ಮಾಡಿಲ್ಲ, ಒಟಿಪಿ ಕೊಟ್ಟಿಲ್ಲ. ಅಲ್ಲಿರುವ ಮೊಬೈಲ್ ನಂಬರ್, ವಿಳಾಸ ನನ್ನದಲ್ಲ. ಆ ಅವಧಿಯಲ್ಲಿ ನಾನು ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುತ್ತಿದ್ದೆ, ಟ್ರಿಪ್‌ಗಳ ದಾಖಲೆ ಲಗತ್ತಿಸಿದೆ. ಇಷ್ಟೇ. ಸ್ವೀಕೃತಿ ಇಲ್ಲದೆ ಠಾಣೆಯಿಂದ ಬರಬೇಡಿ ಅಂತ ಅವರಿಗೆ ಒತ್ತಿ ಹೇಳಿದ್ದೆ. ಮುಂದೆ ಯಾವ ಕಚೇರಿಗೆ ಹೋದರೂ ಮೊದಲು ಕೇಳುವುದು ಅದನ್ನೇ. ಆ ನೋಂದಣಿ ರದ್ದಾಗಲು ತಿಂಗಳುಗಳೇ ಹಿಡಿದವು. ನಡುವೆ ಒಂದು ನೋಟಿಸ್ ಕೂಡ ಬಂತು. ಸ್ವೀಕೃತಿ ಕೈಯಲ್ಲಿದ್ದುದರಿಂದ ಉತ್ತರ ಕೊಡುವುದು ಸುಲಭವಾಯಿತು.

ಪ್ಯಾನ್ ಒಂದು ಕಡೆ ದುರ್ಬಳಕೆ ಆಗಿದ್ದರೆ ಇನ್ನೊಂದು ಕಡೆಯೂ ಆಗಿರಬಹುದು. ಅದಕ್ಕೇ ಅದೇ ದಿನ ಕ್ರೆಡಿಟ್ ರಿಪೋರ್ಟ್, ಅಂದರೆ ಅವರ ಹೆಸರಲ್ಲಿರುವ ಸಾಲಗಳ ದಾಖಲೆ, ತೆಗೆಸಿದೆ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಅಂತ ನಾಲ್ಕು ಕಂಪನಿಗಳಿವೆ. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟ್ ಪುಕ್ಕಟೆ ಕೊಡಬೇಕು, ಇದು ರಿಸರ್ವ್ ಬ್ಯಾಂಕಿನ ನಿಯಮ. ಮೂರು ತಿಂಗಳಿಗೊಂದು ಕಂಪನಿಯಿಂದ ತೆಗೆದರೆ ವರ್ಷವಿಡೀ ಕಣ್ಣಿಟ್ಟ ಹಾಗಾಯಿತು, ಒಂದು ಪೈಸೆ ಖರ್ಚಿಲ್ಲ.

ಜನ ಸ್ಕೋರ್ ನೋಡಿ ಮುಚ್ಚಿಬಿಡುತ್ತಾರೆ. ನಾನು ಮೊದಲು ತಿರುಗಿಸುವುದು ಎನ್‌ಕ್ವೈರಿ ಪುಟ. ನಿಮ್ಮ ಹೆಸರಲ್ಲಿ ಯಾರಾದರೂ ಸಾಲಕ್ಕೆ ಅರ್ಜಿ ಹಾಕಿದರೆ, ಸಾಲ ಸಿಗದಿದ್ದರೂ, ಯಾವ ಬ್ಯಾಂಕ್ ಯಾವತ್ತು ವಿಚಾರಿಸಿತು ಅನ್ನುವುದು ಅಲ್ಲಿ ಬರುತ್ತದೆ. ಕಳ್ಳ ಇನ್ನೂ ಪ್ರಯತ್ನದಲ್ಲಿರುವಾಗಲೇ ಸಿಗುವ ಸುಳಿವು ಅದು. ತಪ್ಪು ಸಾಲ ಕಂಡರೆ ಕ್ರೆಡಿಟ್ ಕಂಪನಿಗೂ ಸಾಲ ಕೊಟ್ಟವರಿಗೂ ಒಟ್ಟಿಗೇ ದೂರು ಕೊಡಿ. 30 ದಿನದೊಳಗೆ ಇತ್ಯರ್ಥ ಮಾಡಬೇಕು. ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ, 2024ರ ಏಪ್ರಿಲ್‌ನಿಂದ ಈ ನಿಯಮ ಇದೆ. ಅದಕ್ಕೂ ಬಗ್ಗದಿದ್ದರೆ ಇಂಥ ದೂರು ಕೇಳುವುದಕ್ಕೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ನೋಡಬಹುದು, ಎರಡೇ ನಿಮಿಷದ ಕೆಲಸ.

ತಡೆಯುವುದು ಹೇಗೆ ಅಂದರೆ, ಪ್ರತಿಗಳನ್ನು ಹರಡುವುದು ಕಡಿಮೆ ಮಾಡಬೇಕು. ಮಾಸ್ಕ್ಡ್ ಆಧಾರ್‌ನಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತದೆ, ಬಹಳ ಕಡೆ ಅದೇ ಸಾಕು. ಜೆರಾಕ್ಸ್ ಕೊಡುವಾಗ ಅದರ ಮೇಲೇ ಅಡ್ಡಲಾಗಿ "ಬಾಡಿಗೆ ಕರಾರಿಗೆ ಮಾತ್ರ" ಅಂತ ದಿನಾಂಕದ ಸಮೇತ ಬರೆದು ಸಹಿ ಹಾಕಿ. ಜೆರಾಕ್ಸ್ ಅಂಗಡಿಯ ವಾಟ್ಸಾಪ್‌ಗೆ ಆಧಾರ್ ಕಳಿಸಿ ಪ್ರಿಂಟ್ ತೆಗೆಸಿದರೆ, ಅದನ್ನು ಅಳಿಸಿದ್ದನ್ನು ಕಣ್ಣಾರೆ ನೋಡಿಯೇ ಹೊರಡಿ. ಬೆರಳಚ್ಚನ್ನೂ ಆಧಾರ್ ಆ್ಯಪ್‌ನಲ್ಲಿ ಲಾಕ್ ಮಾಡಿ. 2023ರಲ್ಲಿ ನಮ್ಮ ರಾಜ್ಯದಲ್ಲೇ, ಆಸ್ತಿ ನೋಂದಣಿ ಪತ್ರದಲ್ಲಿದ್ದ ಬೆರಳಚ್ಚು ಕದ್ದು ಬ್ಯಾಂಕಿನಿಂದ ಹಣ ತೆಗೆದ ದೂರುಗಳು ಬಂದಿದ್ದವು.

ಕೊನೆಯದಾಗಿ ನಮ್ಮ ವೃತ್ತಿಯವರ ಬಗ್ಗೆಯೇ ಒಂದು ಮಾತು. ಕೆಲಸ ಬೇಗ ಆಗಲಿ ಅಂತ ಎಷ್ಟೋ ಕನ್ಸಲ್ಟೆಂಟ್‌ಗಳು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ತಮ್ಮದೇ ಮೊಬೈಲ್, ಇಮೇಲ್ ಹಾಕಿಬಿಡುತ್ತಾರೆ. ಆಗ ನಿಮ್ಮ ಪ್ಯಾನ್ ಬಗ್ಗೆ ಇಲಾಖೆ ಕಳಿಸುವ ಎಚ್ಚರಿಕೆ ನಿಮಗೆ ಬರುವುದೇ ಇಲ್ಲ. ಇದು ನನಗೆ ಒಪ್ಪಿಗೆ ಇಲ್ಲ. ನಮ್ಮ ಆಫೀಸಿನಲ್ಲಿ ಒಟಿಪಿಗೆ ಎಷ್ಟು ಹೊತ್ತು ಕಾಯಬೇಕಾದರೂ ಕ್ಲೈಂಟ್‌ನ ಸ್ವಂತ ನಂಬರ್ ಮಾತ್ರ ಹಾಕುತ್ತೇವೆ. ನಿಮ್ಮ ರಿಟರ್ನ್ ಬೇರೆಯವರು ಹಾಕುತ್ತಿದ್ದರೆ, ಈ ವಾರವೇ ಪಾಸ್‌ವರ್ಡ್ ಕೇಳಿ ಇಸಕೊಳ್ಳಿ. ಪ್ರೊಫೈಲ್‌ಗೆ ಹೋಗಿ ಅಲ್ಲಿ ಯಾರ ನಂಬರ್ ಇದೆ ಅಂತ ನೋಡಿ.