ಅರಳು ಮರಳು ಅನ್ನೂಕಿಂತ ಮೊದಲ

"ಅರವತ್ತಕ್ಕ ಅರಳು ಮರಳು" ಅಂತ ನಮ್ಮ ಇಳಕಲ್ ಕಡೆ ಎಷ್ಟ್ ಹಗುರ ಹೇಳಿಬಿಡ್ತೀವಿ. ನಮ್ಮ ದೊಡ್ಡವ್ವ ಗ್ಯಾಸ್ ಮ್ಯಾಲೆ ಹಾಲಿಟ್ಟು ಮರೀತಿದ್ಲು, ನಾಕ್ ಮೆಟ್ಲ ಹತ್ತಿದ್ರ ತೇಕ್ತಿದ್ಲು. ಮರೆವು ಎಲ್ಲಾರ ಕಣ್ಣಿಗೂ ಬಿತ್ತು, ತೇಕು ಯಾರಿಗೂ ಕಾಣಲಿಲ್ಲ. ಕಡಿಗೆ ರಕ್ತ ತಪಾಸಣಿ ಮಾಡಿಸಿದ್ರ ಹಿಮೋಗ್ಲೋಬಿನ್ (ರಕ್ತದಾಗ ಆಕ್ಸಿಜನ್ ಒಯ್ಯೂ ಅಂಶ) 8! ಹೆಂಗಸರಿಗೆ 12ರ ಕೆಳಗ ಬಂದ್ರನ ರಕ್ತಹೀನತೆ ಅಂತಾರ.

ಅಮೆರಿಕಾದಾಗ 70ರಿಂದ 79 ವಯಸ್ಸಿನ 2,552 ಮಂದೀನ 11 ವರ್ಷ ಗಮನಿಸಿದ ಅಧ್ಯಯನ 2013ರಾಗ ಬಂದಿತ್ತು. ರಕ್ತಹೀನತೆ ಇದ್ದವರೊಳಗ 23 ಪರ್ಸೆಂಟ್ ಮಂದಿಗೆ ಡಿಮೆನ್ಶಿಯಾ (ನೆನಪು, ಬುದ್ಧಿ ಕುಂದೂ ರೋಗ) ಆತು, ಇಲ್ಲದವರೊಳಗ 17. ಹಂಗಂತ ರಕ್ತ ಕಮ್ಮಿ ಆಗಿದ್ದಕ್ಕ ಮರೆವು ಬಂತು ಅನ್ನಾಕ ಬರಂಗಿಲ್ಲ. ಮಿದುಳಿಗೆ ಆಕ್ಸಿಜನ್ ಕಮ್ಮಿ ಹೋಗಿರಬಹುದು, ಇಲ್ಲಾ ಕಿಡ್ನಿ ತೊಂದರೆಯಂಥಾದ್ದು ಎರಡಕ್ಕೂ ಮೂಲ ಇರಬಹುದು. ವಿಟಮಿನ್ ಬಿ12 ಕಮ್ಮಿ ಇದ್ರಂತೂ ರಕ್ತಾನೂ ಇಳೀತೈತಿ, ಬುದ್ಧೀನೂ ಮಂಕಾಕ್ಕೈತಿ. ಅದನ್ನ ಬೇಗ ಹಿಡಿದ್ರ ಎಷ್ಟೋ ಸುಧಾರಿಸ್ತೈತಿ.

ದೊಡ್ಡವ್ವಗ ಈಗ ಗುಳಿಗಿ ನಡದಾವ. ಊಟ ಆದ ಕೂಡ್ಲೆ ಚಾ ಬ್ಯಾಡ ಬೇ, ಕಬ್ಬಿಣದ ಅಂಶ ಮೈಗೆ ಹತ್ತಂಗಿಲ್ಲ ಅಂದ್ರ, "ರೊಟ್ಟಿ ಬೇಕಾದ್ರ ಬಿಡ್ತೀನಿ, ಚಾ ಬಿಡಂಗಿಲ್ಲ" ಅಂತಾಳ.