ಕ್ರಿಸ್‌ಮಸ್ ನೋಡಲು ಬೆಂಗಳೂರಿನಲ್ಲಿ ಎಲ್ಲಿಗೆ, ಯಾವತ್ತು ಹೋಗಬೇಕು?

ಡಿಸೆಂಬರ್ ಬಂತೆಂದರೆ ಈ ಪ್ರಶ್ನೆ ಶುರು: "25ಕ್ಕೆ ರಜೆ ಇದೆ, ಮಕ್ಕಳಿಗೆ ಕ್ರಿಸ್‌ಮಸ್ ತೋರಿಸಬೇಕು, ಎಲ್ಲಿಗೆ ಹೋಗೋದು?" ಅದರ ಹಿಂದೆಯೇ ಇನ್ನೊಂದು: "ನಾವು ಕ್ರಿಶ್ಚಿಯನ್ನರಲ್ಲ, ಚರ್ಚ್ ಒಳಗೆ ಬಿಡ್ತಾರಾ?" ಎರಡನೆಯದಕ್ಕೆ ಉತ್ತರ ಸುಲಭ. ಬಿಡುತ್ತಾರೆ. ಅಲ್ಲಿನ ರೀತಿ ಗೊತ್ತಿದ್ದರೆ ಸಾಕು, ಅದನ್ನು ಮುಂದೆ ಹೇಳುತ್ತೇನೆ. ಮೊದಲನೆಯದಕ್ಕೆ ನನ್ನ ಉತ್ತರ ಒಂದೇ: 25ಕ್ಕೆ ಹೋಗಬೇಡಿ. ಡಿಸೆಂಬರ್ 10ರಿಂದ 23ರೊಳಗೆ ಹೋಗಿ, ಆದಷ್ಟು ವಾರದ ದಿನ ಹೋಗಿ, ಬ್ರಿಗೇಡ್ ರಸ್ತೆಗಿಂತ ಮೊದಲು ಶಿವಾಜಿನಗರಕ್ಕೆ ಹೋಗಿ.

ಕಾರಣ ಇದೆ. 25 ಮನೆಯ ಹಬ್ಬ. ಹಿಂದಿನ ರಾತ್ರಿ ಚರ್ಚ್‌ನಲ್ಲಿ ನಡೆಯುವ ಬಲಿಪೂಜೆ, ಅಂದರೆ ಮಾಸ್, ಮುಗಿಸಿ ಬಂದವರು ತಡವಾಗಿ ಏಳುತ್ತಾರೆ, ಮಧ್ಯಾಹ್ನ ಮನೆಯಲ್ಲಿ ಊಟ, ಸಂಜೆ ನೆಂಟರ ಮನೆ. ಅಂಗಡಿಗಳಲ್ಲಿ ನಕ್ಷತ್ರ, ಗೊಂಬೆ ಎಲ್ಲ ಖಾಲಿಯಾಗಿರುತ್ತವೆ. ಅವತ್ತು ಸಂಜೆ ಬ್ರಿಗೇಡ್ ರಸ್ತೆ, ಚರ್ಚ್ ಸ್ಟ್ರೀಟ್‌ಗೆ ಹೋದವರಿಗೆ ಕಾಣುವುದು ಮುಂದಿನವರ ಬೆನ್ನು ಮಾತ್ರ. ಹಬ್ಬದ ತಯಾರಿಯ ಕಾಲಕ್ಕೆ ಕ್ರೈಸ್ತರು ಆಗಮನ ಕಾಲ ಎನ್ನುತ್ತಾರೆ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳು ಅದರಲ್ಲಿ ಬರುತ್ತವೆ. ಊರು ಹಬ್ಬಕ್ಕೆ ಸಜ್ಜಾಗುವುದನ್ನು ನೋಡಬೇಕಾದರೆ ಆ ದಿನಗಳಲ್ಲೇ ನೋಡಬೇಕು.

ಸಂಜೆ ನಾಲ್ಕಕ್ಕೆ ಶಿವಾಜಿನಗರ ಬಸ್ ನಿಲ್ದಾಣದಲ್ಲಿ ಇಳಿಯಿರಿ. ಕಾರು ತರಲೇಬೇಡಿ, ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಸಂಜೆ ಕಳೆದುಹೋಗುತ್ತದೆ. ಪಕ್ಕದಲ್ಲೇ 1927ರ ರಸೆಲ್ ಮಾರ್ಕೆಟ್. ಒಳಗೆ ಹೂವು, ಹಣ್ಣು, ತರಕಾರಿ, ಮಾಂಸ. ಹಬ್ಬದ ಸಾಮಾನು ಇರುವುದು ಸುತ್ತಲಿನ ಅಂಗಡಿಗಳಲ್ಲಿ, ಬೀದಿಬದಿಯಲ್ಲಿ: ಕಾಗದದ ನಕ್ಷತ್ರ, ಪ್ಲಾಸ್ಟಿಕ್ ಮರ, ಗಂಟೆ, ಜರಿ ಮಾಲೆ, ಗೋದಲಿಯ (ಯೇಸು ಹುಟ್ಟಿದ ದನದ ಕೊಟ್ಟಿಗೆಯ ಮಾದರಿ) ಗೊಂಬೆಗಳು. ಮೊದಲು ಒಂದು ಸುತ್ತು ಬೆಲೆ ಕೇಳಿಕೊಂಡು ಬನ್ನಿ, ಎರಡನೇ ಸುತ್ತಿನಲ್ಲಿ ಚೌಕಾಸಿ ಮಾಡಿ. 20ನೇ ತಾರೀಖು ದಾಟಿದ ಮೇಲೆ ಚೌಕಾಸಿ ನಡೆಯುವುದು ಕಷ್ಟ.

ನಕ್ಷತ್ರ ಕೊಳ್ಳುವಾಗ ಅಂಗಡಿಯಲ್ಲೇ ಬಿಚ್ಚಿಸಿ ನೋಡಿ. ಮಡಿಕೆ ಹರಿದಿದ್ದರೆ ಬೆಳಕು ಹಾಕಿದಾಗ ಅಲ್ಲಿ ಬಿಳಿ ಗೀಟು ಕಾಣುತ್ತದೆ. ಒಳಗೆ 5ರಿಂದ 7 ವಾಟಿನ ಎಲ್‌ಇಡಿ ಬಲ್ಬೇ ಇರಲಿ. ಹಳೆಯ ಕಾಲದ ತಂತಿ ಬಲ್ಬು ಕಾಗದಕ್ಕೆ ತಾಗಿದರೆ ಮೊದಲು ಕಂದಾಗುತ್ತದೆ, ಆಮೇಲೆ ಸುಡುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಡಿಸೆಂಬರ್‌ನಲ್ಲೂ ಬೆಂಗಳೂರಿಗೆ ಜಿಟಿಜಿಟಿ ಮಳೆ ಬರುತ್ತದೆ, ಹಾಗಾಗಿ ಕಾಗದದ ನಕ್ಷತ್ರವನ್ನು ಸೂರಿನ ಕೆಳಗೆ ತೂಗುಹಾಕಿ.

ಐದೂವರೆ ಹೊತ್ತಿಗೆ ಸಂತ ಮರಿಯಮ್ಮನವರ ಬೆಸಿಲಿಕಾಕ್ಕೆ ನಡೆಯಿರಿ. ನಗರದ ಅತಿ ಹಳೆಯ ಚರ್ಚ್ ಎಂದು ಹೆಸರಾದದ್ದು ಇದು. ಈಗಿನ ಗೋಥಿಕ್ ಶೈಲಿಯ ಕಟ್ಟಡ 1882ರದು. ಇಲ್ಲಿ ಮಾತೆ ಮರಿಯಮ್ಮ ಸೀರೆ ಉಟ್ಟಿದ್ದಾಳೆ. ಹೂವು, ಮೊಂಬತ್ತಿ ಹಿಡಿದು ನಿಂತವರಲ್ಲಿ ಎಲ್ಲ ಮತದವರೂ ಇರುತ್ತಾರೆ. ಡಿಸೆಂಬರ್‌ನಲ್ಲಿ ಆರು ಗಂಟೆ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಗೋಪುರದ ಆಕಾರ, ಕಿಟಕಿಯ ಬಣ್ಣದ ಗಾಜು, ಹೊರಗಿನ ದೀಪ ಮೂರೂ ಒಟ್ಟಿಗೆ ಕಾಣುವುದು ಅದರ ಆಚೀಚೆಯ ಅರ್ಧ ಗಂಟೆಯಲ್ಲಿ.

ಅಲ್ಲಿಂದ ಆಟೋ ಹಿಡಿದು ಫ್ರೇಜರ್ ಟೌನ್. ಮಾಸ್ಕ್ ರಸ್ತೆಯ ಆಲ್ಬರ್ಟ್ ಬೇಕರಿ 1902ರದು, ವೀಲರ್ ರಸ್ತೆಯಲ್ಲಿ ಥಾಮ್ಸ್ ಬೇಕರಿ ಇದೆ. ತಿಂಡಿ ಕಟ್ಟಿಸಿಕೊಂಡು ಕುಕ್ ಟೌನ್‌ನ ಒಳರಸ್ತೆಗಳಲ್ಲಿ ನಡೆಯಿರಿ. ಮನೆಮನೆಯ ಮುಂದೆ ನಕ್ಷತ್ರ ತೂಗುತ್ತಿರುತ್ತದೆ. ಮಾಲ್‌ಗಳ ಅಲಂಕಾರಕ್ಕಿಂತ ನನಗೆ ಇದೇ ಹೆಚ್ಚು. ಇಲ್ಲಿನ ಒಂದೊಂದು ದೀಪವನ್ನೂ ಹಬ್ಬ ಮಾಡುವವರೇ ಕಟ್ಟಿರುತ್ತಾರೆ.

ಎಂ.ಜಿ. ರಸ್ತೆ ಕಡೆ ಹೋಗಲೇಬೇಕೆಂದರೆ ಮೆಟ್ರೋದಲ್ಲಿ ಟ್ರಿನಿಟಿ ನಿಲ್ದಾಣದಲ್ಲಿ ಇಳಿಯಿರಿ. ಹೋಲಿ ಟ್ರಿನಿಟಿ ಚರ್ಚ್ ನೋಡಿಕೊಂಡು ಪಶ್ಚಿಮಕ್ಕೆ ನಡೆಯುತ್ತಾ ಬಂದರೆ ರಸ್ತೆಯ ಇನ್ನೊಂದು ತುದಿಗೆ ಸೇಂಟ್ ಮಾರ್ಕ್ಸ್ ಕ್ಯಾಥೆಡ್ರಲ್. ಅದರ ಕೆಲಸ ಶುರುವಾದದ್ದು 1808ರಲ್ಲಿ. ನಡುವೆ ಬ್ರಿಗೇಡ್ ರಸ್ತೆಗೆ ತಿರುಗಿ ಕೊನೆಯವರೆಗೆ ಹೋದರೆ ಅವಳಿ ಗೋಪುರದ ಸೇಂಟ್ ಪ್ಯಾಟ್ರಿಕ್ಸ್ ಸಿಗುತ್ತದೆ. ಕನ್ನಡಕ್ಕೆ ನಿಘಂಟು ಕೊಟ್ಟ ಪಾದ್ರಿ ಕಿಟೆಲ್ ಅವರ ಪ್ರತಿಮೆಯೂ ಎಂ.ಜಿ. ರಸ್ತೆಯಲ್ಲೇ ಇದೆ. ಮಕ್ಕಳು ಜೊತೆಗಿದ್ದರೆ ಅಲ್ಲಿ ಎರಡು ನಿಮಿಷ ನಿಂತು ಹೇಳಿ.

ಕೇಕ್ ಶೋ ಬಗ್ಗೆಯೂ ಕೇಳುತ್ತಾರೆ. 1970ರ ದಶಕದಿಂದ ನಡೆದು ಬಂದಿರುವ ಪ್ರದರ್ಶನ ಅದು. ಸಾಮಾನ್ಯವಾಗಿ ಡಿಸೆಂಬರ್ ಮಧ್ಯದಿಂದ ಹೊಸ ವರ್ಷದವರೆಗೆ ಇರುತ್ತದೆ. ಜಾಗ ಬದಲಾಗುತ್ತಿರುತ್ತದೆ, ಆ ವರ್ಷದ ಪ್ರಕಟಣೆ ನೋಡಿಕೊಂಡೇ ಹೊರಡಿ. ವಾರದ ದಿನ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋದರೆ ಸಕ್ಕರೆಯಲ್ಲಿ ಕಟ್ಟಿದ ಗೋಪುರಗಳನ್ನು ಹತ್ತಿರದಿಂದ ನೋಡಬಹುದು.

ಇಷ್ಟರಲ್ಲಿ ಯಾವುದನ್ನು ಬಿಟ್ಟರೂ ಒಂದು ಕ್ಯಾರಲ್ (ಕ್ರಿಸ್‌ಮಸ್ ಹಾಡು) ಆರಾಧನೆಯನ್ನು ಬಿಡಬೇಡಿ. ಕ್ರಿಸ್‌ಮಸ್‌ಗೆ ಮುಂಚಿನ ಭಾನುವಾರಗಳ ಸಂಜೆ ಹಲವು ಚರ್ಚ್‌ಗಳಲ್ಲಿ ಬೈಬಲ್ ವಾಚನದ ನಡುನಡುವೆ ಗಾಯಕವೃಂದ ಹಾಡುತ್ತದೆ. ಟಿಕೆಟ್ ಇಲ್ಲ, ಎಲ್ಲರಿಗೂ ಸ್ವಾಗತ. ದೊಡ್ಡ ಚರ್ಚ್‌ಗಳಲ್ಲಿ ಮುಕ್ಕಾಲು ಗಂಟೆ ಮುಂಚೆ ಹೋಗದಿದ್ದರೆ ನಿಂತೇ ಕೇಳಬೇಕು. ಸಮಯವನ್ನು ಚರ್ಚ್‌ನ ಫಲಕದಲ್ಲಿ ಹಾಕಿರುತ್ತಾರೆ.

ಕನ್ನಡದಲ್ಲಿ ಕೇಳಬೇಕೆನ್ನುವವರು ಕಾರ್ಪೊರೇಷನ್ ಹತ್ತಿರದ ಹಡ್ಸನ್ ಸ್ಮಾರಕ ಚರ್ಚ್‌ಗೋ ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚ್‌ಗೋ ಹೋಗಬೇಕು. ಹಡ್ಸನ್ ಚರ್ಚ್ 1904ರದು. ರೈಸ್ ಚರ್ಚಿನ ಹೆಸರು ಬೆಂಜಮಿನ್ ರೈಸ್ ಅವರದು, ನಮ್ಮ ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಪ್ರಕಟಿಸಿದ ಬಿ.ಎಲ್. ರೈಸ್ ಅವರ ತಂದೆ. ಬೆಂಗಳೂರಿನ ಕ್ರಿಸ್‌ಮಸ್ ಅಂದರೆ ದಂಡು ಪ್ರದೇಶದ ಇಂಗ್ಲಿಷ್ ಹಬ್ಬ ಎಂದುಕೊಂಡವರು ಪೇಟೆಯ ನಡುವಿನ ಈ ಚರ್ಚ್‌ಗೆ ಒಮ್ಮೆ ಹೋಗಬೇಕು. ಕನ್ನಡದಲ್ಲಿ ಪ್ರಾರ್ಥಿಸುವ, ಕನ್ನಡದಲ್ಲೇ ಹಾಡುವ ಕುಟುಂಬಗಳು ಇಲ್ಲಿ ತಲೆಮಾರುಗಳಿಂದ ಇವೆ.

ಇನ್ನು ರೀತಿಯ ಮಾತು. 24ರ ರಾತ್ರಿಯ ಬಲಿಪೂಜೆಗೆ ಹೋಗುವವರು ಹಿಂದಿನ ಸಾಲುಗಳಲ್ಲಿ ಕೂರಿ. ಎಲ್ಲರೂ ಎದ್ದಾಗ ಎದ್ದರೆ ಸಾಕು, ಮೊಣಕಾಲೂರಲೇಬೇಕೆಂದಿಲ್ಲ. ಕೊನೆಯ ಭಾಗದಲ್ಲಿ ಜನ ಸಾಲಾಗಿ ಮುಂದೆ ಹೋಗಿ ಪರಮಪ್ರಸಾದ ತೆಗೆದುಕೊಳ್ಳುತ್ತಾರೆ. ಆ ಸಾಲಿಗೆ ಮಾತ್ರ ಹೋಗಬೇಡಿ. ಗುಡಿಯ ಪ್ರಸಾದದಂತೆ ಬಂದವರಿಗೆಲ್ಲ ಹಂಚುವುದಲ್ಲ ಅದು, ದೀಕ್ಷೆ ಪಡೆದ ಕ್ಯಾಥೊಲಿಕರು ಅದನ್ನು ಕ್ರಿಸ್ತನ ಶರೀರವೆಂದೇ ನಂಬಿ ಸ್ವೀಕರಿಸುತ್ತಾರೆ. ತಿಳಿಯದೆ ಸಾಲಿನಲ್ಲಿ ನಿಂತವರಿಗೂ ಕೊಡುವ ಧರ್ಮಗುರುಗಳಿಗೂ ಮುಜುಗರವಾಗುತ್ತದೆ. ಕೂತಲ್ಲೇ ಇದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ. ಪೂಜೆ ನಡೆಯುವಾಗ ಫೋಟೊ, ವಿಡಿಯೊ ಬೇಡ. ಮೊಂಬತ್ತಿಯನ್ನು ಹೊರಗೆ ಅದಕ್ಕೆಂದೇ ಇಟ್ಟ ಜಾಗದಲ್ಲಿ ಹಚ್ಚಿ. ಹೆಚ್ಚಿನ ಕಡೆ ರಾತ್ರಿಯ ಪೂಜೆ ಮುಗಿಯುವಾಗ ಮಧ್ಯರಾತ್ರಿ ದಾಟುತ್ತದೆ, ಮೆಟ್ರೋದ ಕೊನೆಯ ರೈಲು ಅಷ್ಟರಲ್ಲಿ ಹೊರಟುಹೋಗಿರುತ್ತದೆ. ಮನೆಗೆ ಮರಳುವ ಗಾಡಿಯನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಸಂಜೆಯೇ ಪೂಜೆ ಇರುವ ಚರ್ಚ್ ವಿಚಾರಿಸಿ.

ಮನೆಯಲ್ಲಿ ಏನಾದರೂ ಮಾಡಬೇಕು ಎನ್ನುವವರಿಗೆ ನಾನು ಹೇಳುವುದು ಮರಕ್ಕಿಂತ ಗೋದಲಿ. ದಸರಾ ಗೊಂಬೆ ಕೂರಿಸಿದ ಕೈಗೆ ಇದು ಹೊಸದಲ್ಲ. ಎರಡಡಿ ಅಗಲದ ಗುಡಿಸಲಿಗೆ ಆರಿಂಚಿನ ಗೊಂಬೆಗಳು ಹೊಂದುತ್ತವೆ. ಬೇಕಾದವು ಮರಿಯ, ಜೋಸೆಫ್, ಬಾಲಯೇಸು, ಕುರುಬರು, ಮೂವರು ಜ್ಞಾನಿಗಳು, ಎತ್ತು, ಕತ್ತೆ, ಕುರಿ, ಒಬ್ಬ ದೇವದೂತ. ಇಡೀ ಸೆಟ್ಟನ್ನು ಒಂದೇ ಅಂಗಡಿಯಲ್ಲಿ ಕೊಳ್ಳಿ. ಬಿಡಿಬಿಡಿಯಾಗಿ ಕೊಂಡರೆ ಕುರಿ ಕತ್ತೆಯಷ್ಟೇ ಎತ್ತರ ಬರುತ್ತದೆ. ಪ್ಲಾಸ್ಟರ್ ಗೊಂಬೆಗಳಲ್ಲಿ ಮೂಗು, ಬೆರಳು ಮುಕ್ಕಾಗಿದೆಯೇ, ತಳ ಅಲ್ಲಾಡುತ್ತದೆಯೇ ನೋಡಿ.

ಗೋದಲಿಯ ಸುತ್ತ ಹಸಿರು ಬೇಕಲ್ಲ, ಅದಕ್ಕೆ ರಾಗಿ ಪೈರು ಬೆಳೆಸುತ್ತಾರೆ. ಡಿಸೆಂಬರ್ 12ರ ಸುಮಾರಿಗೆ ಒಂದು ಹಿಡಿ ರಾಗಿಯನ್ನು ರಾತ್ರಿಯಿಡೀ ನೆನೆಸಿ. ಅಗಲ ತಟ್ಟೆಗಳಲ್ಲಿ ಒಂದಿಂಚು ಮಣ್ಣು ಹರಡಿ, ಮೇಲೆ ರಾಗಿಯನ್ನು ಒತ್ತಾಗಿ ಚೆಲ್ಲಿ, ತೆಳ್ಳಗೆ ಮಣ್ಣು ಉದುರಿಸಿ, ಒದ್ದೆ ಬಟ್ಟೆ ಮುಚ್ಚಿಡಿ. ಮೊಳಕೆ ಕಂಡ ದಿನವೇ ಬಟ್ಟೆ ತೆಗೆದು ಬೆಳಕಿಗೆ ಇಡಬೇಕು. ಕತ್ತಲಲ್ಲೇ ಬಿಟ್ಟರೆ ಪೈರು ಬಿಳಿಚಿಕೊಂಡು ಉದ್ದವಾಗಿ ವಾಲುತ್ತದೆ. ನೀರನ್ನು ಕೈಯಲ್ಲಿ ಚಿಮುಕಿಸಿ. ಸುರಿದರೆ ಕಾಳು ಒಂದು ಮೂಲೆಗೆ ಸರಿದು ಬೂಸ್ಟು ಹಿಡಿಯುತ್ತದೆ. ಚಳಿ ಜಾಸ್ತಿಯಿದ್ದರೆ ಮೊಳಕೆ ಒಂದೆರಡು ದಿನ ತಡ. ತಿಂಗಳ ಮೊದಲ ವಾರದಲ್ಲೇ ಬಿತ್ತಿದರೆ ಹಬ್ಬದ ಹೊತ್ತಿಗೆ ಹಳದಿಯಾಗಿ ಮಲಗುತ್ತದೆ, 18ರ ನಂತರ ಬಿತ್ತಿದರೆ ಹಸಿರು ಕಾಣುವುದೇ ಇಲ್ಲ. ಒಣಹುಲ್ಲು ಹಾಸಿದ ಕಡೆ ಹಳೆಯ ಸೀರಿಯಲ್ ಸೆಟ್ ಹಾಕಬೇಡಿ, ಎಲ್‌ಇಡಿ ಸರವೇ ಇರಲಿ, ಮಲಗುವ ಮುನ್ನ ಸ್ವಿಚ್ ಆರಿಸಿ. ಬಾಲಯೇಸುವಿನ ಗೊಂಬೆಯನ್ನು 24ರ ರಾತ್ರಿಯೇ ಇಡುವುದು. ಅಲ್ಲಿಯವರೆಗೆ ತೊಟ್ಟಿಲು ಖಾಲಿ.

ಮರ ಬೇಕೇಬೇಕೆಂದರೆ ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳಲ್ಲಿ ಕ್ರಿಸ್‌ಮಸ್ ಮರದಂತೆ ಕಾಣುವ ಕುಂಡದ ಅರೌಕೇರಿಯಾ ಗಿಡ ಸಿಗುತ್ತದೆ. ಅದರ ಕೊಂಬೆ ಮೆದು, ಹಗುರ ಅಲಂಕಾರ ಮಾತ್ರ ತೂಗುಹಾಕಿ. ತುದಿ ಮುರಿದರೆ ಗಿಡ ಮತ್ತೆ ನೇರವಾಗಿ ಬೆಳೆಯುವುದಿಲ್ಲ, ಹಾಗಾಗಿ ತುದಿಗೆ ಭಾರದ ನಕ್ಷತ್ರ ಸಿಕ್ಕಿಸಬೇಡಿ. ಹತ್ತು ಹನ್ನೆರಡು ದಿನ ಕಿಟಕಿ ಬಳಿ ಇಟ್ಟು ಮತ್ತೆ ಹೊರಗೆ ಇಡಿ.

ತಿಂಡಿಯಲ್ಲಿ ಪ್ಲಮ್ ಕೇಕ್‌ಗಷ್ಟೇ ನಿಲ್ಲಬೇಡಿ. ಮಂಗಳೂರು ಕ್ಯಾಥೊಲಿಕರ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳ ಗುಚ್ಛ, ಈಗ ಬೆಂಗಳೂರಿನ ಎಷ್ಟೋ ಬೇಕರಿಗಳಲ್ಲಿ ಸಿಗುತ್ತದೆ. ಅದರಲ್ಲಿ ಸುರುಳಿಯಾಗಿ ಕರಿದ ಕಿಡಿಯೊ, ಕರ್ಜಿಕಾಯಿಯಂಥ ನೆವ್ರಿ, ಎಳ್ಳಿನ ಉಂಡೆ, ಗುಲಾಬಿ ಅಚ್ಚಿನ ರೋಸ್ ಕುಕಿ ಎಲ್ಲ ಇರುತ್ತವೆ. ರೋಸ್ ಕುಕಿ ಮನೆಯಲ್ಲೂ ಮಾಡಬಹುದು. ಒಂದು ಲೋಟ ಮೈದಾ, ಒಂದು ಲೋಟ ಅಕ್ಕಿಹಿಟ್ಟು, ಅರ್ಧ ಲೋಟ ಪುಡಿ ಸಕ್ಕರೆ, ಒಂದು ಮೊಟ್ಟೆ, ಚಿಟಿಕೆ ಉಪ್ಪು, ಒಂದು ಚಮಚ ಕರಿ ಎಳ್ಳು. ಇವನ್ನು ಸುಮಾರು ಒಂದೂವರೆ ಲೋಟ ತೆಂಗಿನಹಾಲಿನಲ್ಲಿ ನೀರುದೋಸೆಗಿಂತ ಗಟ್ಟಿಯಾಗಿ, ಉದ್ದಿನ ದೋಸೆಗಿಂತ ತೆಳ್ಳಗೆ ಕಲಸಿ. ಅಚ್ಚು ಮೊದಲು ಎಣ್ಣೆಯಲ್ಲೇ ಚೆನ್ನಾಗಿ ಕಾಯಬೇಕು, ಪ್ರತಿ ಸಲ ಅದ್ದುವ ಮುಂಚೆಯೂ ಕಾಯಬೇಕು. ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಮುಳುಗಿಸಿ, ಆಮೇಲೆ ಕಾದ ಎಣ್ಣೆಗೆ ಇಳಿಸಿ. ಅಚ್ಚಿನ ಮೇಲಂಚಿಗೆ ಹಿಟ್ಟು ಏರಿದರೆ ಅಲ್ಲೇ ಕಚ್ಚಿಕೊಂಡು ಬಿಡುವುದಿಲ್ಲ. ಅಚ್ಚಿಗೆ ಹಿಟ್ಟೇ ಹಿಡಿಯದಿದ್ದರೆ ಅಚ್ಚು ಸಾಕಷ್ಟು ಕಾದಿಲ್ಲ ಅಥವಾ ಅತಿಯಾಗಿ ಕಾದಿದೆ. ಸಕ್ಕರೆ ಹೆಚ್ಚಾದರೆ ಬೇಯುವ ಮೊದಲೇ ಕೆಂಪಾಗಿ ಒಳಗೆ ಮೆತ್ತಗುಳಿಯುತ್ತದೆ. ಹೊಸ ಅಚ್ಚನ್ನು ಎರಡು ದಿನ ಎಣ್ಣೆಯಲ್ಲಿ ಮುಳುಗಿಸಿಟ್ಟು ಆಮೇಲೆ ಬಳಸಿ.

ಪ್ಲಮ್ ಕೇಕ್ ಬೇಕರಿಯಲ್ಲಿ ಕೊಳ್ಳುವವರು 15ರೊಳಗೆ ಹೇಳಿಡಿ. ಗಾತ್ರಕ್ಕಿಂತ ಕೈಗೆ ಭಾರ ಎನಿಸಬೇಕು, ಅಂದರೆ ಒಳಗೆ ಹಣ್ಣಿದೆ. ಮನೆಯಲ್ಲೇ ಮಾಡುವವರು ಅರ್ಧ ಕಿಲೋ ಒಣಹಣ್ಣಿಗೆ 150 ಮಿಲಿ ರಮ್ ಹಾಕಿ ನವೆಂಬರ್ ಮೊದಲ ವಾರದಲ್ಲೇ ನೆನೆಯಿಡಿ. ರಮ್ ಬೇಡದವರು ಕಿತ್ತಳೆ ರಸದಲ್ಲಿ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಬೇಯಿಸಿ ಆರಿಸಿದರೂ ನಡೆಯುತ್ತದೆ, ಆದರೆ ಅಂಥ ಕೇಕ್ ಅಷ್ಟು ದಿನ ಕೆಡದೆ ಉಳಿಯುವುದಿಲ್ಲ. ಕಪ್ಪು ಬಣ್ಣ ಬರುವುದು ಸುಟ್ಟ ಸಕ್ಕರೆ ಪಾಕದಿಂದ. ಸಕ್ಕರೆ ಕಡುಗೆಂಪಾದೊಡನೆ ಬಿಸಿನೀರು ಹಾಕಿ, ತಣ್ಣೀರು ಹಾಕಿದರೆ ಸಿಡಿದು ಕೈ ಸುಡುತ್ತದೆ. ಹಣ್ಣನ್ನು ಸೋಸಿ, ಎರಡು ಚಮಚ ಮೈದಾದಲ್ಲಿ ಹೊರಳಿಸಿ ಹಿಟ್ಟಿಗೆ ಸೇರಿಸಿ, ಇಲ್ಲದಿದ್ದರೆ ಎಲ್ಲ ತಳಕ್ಕೆ ಇಳಿಯುತ್ತದೆ. ಓವನ್ 150 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಬಿಸಿ ಹೆಚ್ಚಾದರೆ ನೆತ್ತಿ ಬಿರಿದು ನಡುಭಾಗ ಹಸಿಯಾಗಿರುತ್ತದೆ.

ಯಾರಾದರೂ 25ಕ್ಕೆ ಮನೆಗೆ ಕರೆದರೆ ಮಾತ್ರ ಮೇಲೆ ಹೇಳಿದ್ದನ್ನೆಲ್ಲ ಬದಿಗಿಟ್ಟು ಹೋಗಿ. ಕೇಕ್ ತೆಗೆದುಕೊಂಡು ಹೋಗಬೇಡಿ, ಅವರ ಮನೆಯಲ್ಲಿ ಸಾಕಷ್ಟು ಇರುತ್ತದೆ. ಹಣ್ಣೋ ಹೂವೋ ಒಯ್ಯಿರಿ. ನೀವು ಸಸ್ಯಾಹಾರಿಗಳಾಗಿದ್ದರೆ, ಮೊಟ್ಟೆ ತಿನ್ನದವರಾಗಿದ್ದರೆ ಎರಡು ದಿನ ಮುಂಚೆಯೇ ಹೇಳಿಬಿಡಿ.

ಡಿಸೆಂಬರ್ ಮಧ್ಯದಲ್ಲಿ ಬಿಡುವಾಗದವರಿಗೂ ದಾರಿ ಇದೆ. ಗೋದಲಿಯನ್ನು 25ಕ್ಕೇ ತೆಗೆಯುವುದಿಲ್ಲ, ಸಾಮಾನ್ಯವಾಗಿ ಮೂವರು ಜ್ಞಾನಿಗಳ ಹಬ್ಬದವರೆಗೆ, ಅಂದರೆ ಜನವರಿ 6ರ ಆಸುಪಾಸಿನವರೆಗೆ ಇಟ್ಟಿರುತ್ತಾರೆ. 27ರಿಂದ 30ರವರೆಗೆ ಚರ್ಚ್‌ಗಳಲ್ಲಿ ನೂಕುನುಗ್ಗಲು ಕಡಿಮೆ. ವಿವೇಕನಗರದ ಬಾಲಯೇಸು ದೇವಾಲಯಕ್ಕೆ ಹೋಗುವವರು ಗುರುವಾರ ಬಿಟ್ಟು ಬೇರೆ ದಿನ ಹೋಗಿ, ಗುರುವಾರ ಅಲ್ಲಿ ವಿಶೇಷ ಪ್ರಾರ್ಥನೆಗೆ ವರ್ಷವಿಡೀ ಜನಸಾಗರ. 31ರ ಸಂಜೆ ಎಂ.ಜಿ. ರಸ್ತೆ ಕಡೆಗೆ ಸಂಸಾರ ಸಮೇತ ಹೋಗುವ ಯೋಚನೆ ಇದ್ದರೆ ಅದನ್ನು ಕೈಬಿಡಿ.