ಸೌಟು ಹಿಡಿದವರಿಗೆ ಕಾಣುವುದು

ಕಲಬುರಗಿ, 30 ಡಿಸೆಂಬರ್ 2024, ಸೋಮವಾರ

ಹೊಲದಲ್ಲಿ ಭೂಮಿತಾಯಿಗೆ ಪೂಜೆ ಮಾಡಿ ಅಲ್ಲಿಯೇ ಉಣ್ಣುವ ಹಬ್ಬವಾದ ಎಳ್ಳ ಅಮಾವಾಸ್ಯೆಯ ದಿನ ಮಧ್ಯಾಹ್ನದ ಹೊತ್ತಿಗೆ ಕಲಬುರಗಿಯ ಓಣಿಗಳು ಬರಿದಾಗುತ್ತವೆ. ಹೊಲವಿದ್ದವರು ತಮ್ಮ ಹೊಲಕ್ಕೆ, ಇಲ್ಲದವರು ಕರೆದವರ ಹೊಲಕ್ಕೆ, ಕರೆಯುವವರೂ ಇಲ್ಲದವರು ಬುತ್ತಿ ಕಟ್ಟಿಕೊಂಡು ಉದ್ಯಾನಗಳಿಗೆ ಹೋಗುತ್ತಾರೆ. ನಾವು ಆಳಂದ ತಾಲ್ಲೂಕಿನಲ್ಲಿರುವ ಅತ್ತೆಯವರ ಹೊಲಕ್ಕೆ ಹೋಗಿ ಸಂಜೆ ಮರಳಿದೆವು. ಎಂಟು ವರ್ಷದ ಮಗಳು, ನಾಲ್ಕು ವರ್ಷದ ಮಗ ಒಂದೇ ಸೈಕಲ್ಲಿಗಾಗಿ ನಿತ್ಯ ಜಗಳವಾಡುವ ಮನೆ ನಮ್ಮದು. ಹಾಗಾಗಿ ಹೊಲದಲ್ಲಿಯೂ ನನ್ನ ಕಣ್ಣು ಅವರ ಮೇಲೆಯೇ ಇತ್ತು.

ಮನೆಗೆ ಬಂದವರೆಲ್ಲ ಮಗಳಿಗೆ ಹೇಳುವ ಮಾತು ಒಂದೇ: "ನೀ ದೊಡ್ಡಾಕಿ ಇದ್ದಿ, ತಮ್ಮಗ ಕೊಡು." ಈ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಅಪ್ಪಣೆಯ ಮೇಲೆ ಕೈಯಿಂದ ಬಿಡಿಸಿಕೊಂಡ ವಸ್ತುವಿನಿಂದ ಮಗು ಕಲಿಯುವುದು ಮುಂದಿನ ಸಲ ಅದನ್ನು ಬಚ್ಚಿಡುವುದನ್ನು ಮಾತ್ರ. ಚಿಕ್ಕವನಿಂದ ದೊಡ್ಡ ಉದಾರತೆಯನ್ನು ಈಗಲೇ ನಿರೀಕ್ಷಿಸುವುದೂ ಸರಿಯಲ್ಲ. ಅರ್ಥಶಾಸ್ತ್ರಜ್ಞ ಅರ್ನ್ಸ್ಟ್ ಫೆಹ್ರ್ ಮತ್ತು ಸಂಗಡಿಗರು ಸ್ವಿಟ್ಜರ್ಲೆಂಡಿನ ಮಕ್ಕಳಿಗೆ ಮಿಠಾಯಿ ಹಂಚಲು ಕೊಟ್ಟು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು-ನಾಲ್ಕು ವರ್ಷದವರಲ್ಲಿ ಬಹುತೇಕರು ತಮ್ಮದನ್ನೇ ನೋಡಿಕೊಂಡರು; ಏಳೆಂಟು ವರ್ಷದವರಲ್ಲಿ ಸಮಪಾಲಿನ ಒಲವು ಸ್ಪಷ್ಟವಾಗಿ ಕಂಡಿತು.

ಇಂದು ಅತ್ತೆಯವರು ಉಪದೇಶದ ಗೊಡವೆಗೇ ಹೋಗಲಿಲ್ಲ. ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ ನೈವೇದ್ಯ ಮಾಡಿದ ಮೇಲೆ ಚರಗದ, ಅಂದರೆ ಬೆಳೆಯ ಸುತ್ತ ಭೂಮಿಗೆ ಚೆಲ್ಲುವ ಅಡುಗೆಯ, ಬುಟ್ಟಿಯನ್ನು ಮೊಮ್ಮಗನ ಕೈಗೆ ಕೊಟ್ಟು, ತಾವೂ ಒಂದು ಬದಿಗೆ ಹಿಡಿದುಕೊಂಡು, ಜೋಳದ ಬೆಳೆಯ ಸುತ್ತ ನಡೆದರು. ಕಡುಬಿನ ಚೂರನ್ನು ನೆಲಕ್ಕೆ ಚೆಲ್ಲುವಾಗ ಅವನಿಗೆ ಸಂಕಟವಾಯಿತು. "ಆಯಿ, ನಮಗ?" ಎಂದು ಕೇಳಿದ. "ಭೂಮ್ತಾಯಿ ಉಂಡ ಮ್ಯಾಲ ನಮ್ದು" ಎಂದಷ್ಟೇ ಹೇಳಿ ಅವರು ಮುಂದೆ ನಡೆದರು. ತನ್ನ ಪಾಲು ಖಂಡಿತ ಇದೆ, ಆದರೆ ಅದಕ್ಕೊಂದು ಸರದಿ ಇದೆ ಎಂಬುದು ತಿಳಿದ ಮೇಲೆ ಅವನ ಮುಷ್ಟಿ ಸಡಿಲವಾಯಿತು.

ಮಗಳಿಗೆ ಸಿಕ್ಕಿದ್ದು ಭಜ್ಜಿಯ ಸೌಟು. ಹಸಿ ತೊಗರಿಕಾಳು, ಅವರೆ, ಬಟಾಣಿ, ಬದನೆ, ಗಜ್ಜರಿ, ಮೆಂತ್ಯ, ಹುಣಸೆ ರಸ, ಕಡಲೆ ಹಿಟ್ಟು ಎಲ್ಲವೂ ಒಟ್ಟಿಗೆ ಕುದಿದ ಆ ಭಜ್ಜಿಯನ್ನು ಈ ಹಬ್ಬದಲ್ಲಿ ಒಂದು ಮನೆಯ ಅಳತೆಗೆ ಯಾರೂ ಮಾಡುವುದಿಲ್ಲ. (ನಮ್ಮ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ ದೊರೆತಿದೆ, ಹಸಿ ಕಾಳಿನ ರುಚಿಗೂ ಒಂದು ಕೊಡಬೇಕಾಗಿತ್ತು.) ಉಣ್ಣಲು ಕುಳಿತ ಮಗುವಿಗೆ ತನ್ನ ತಾಟು ಮಾತ್ರ ಕಾಣುತ್ತದೆ, ಬಡಿಸುವ ಮಗುವಿಗೆ ಪಾತ್ರೆಯೂ ಕಾಣುತ್ತದೆ, ಪಂಕ್ತಿಯೂ ಕಾಣುತ್ತದೆ. ಮೊದಲು ಕುಳಿತವರಿಗೆ ಧಾರಾಳವಾಗಿ ಸುರಿಯುತ್ತಿದ್ದವಳು, ಬದುವಿನ ಮೇಲೆ ಹೋಗುತ್ತಿದ್ದ ಅಪರಿಚಿತರನ್ನು ಮಾವನವರು ಕರೆದು ಕೂರಿಸಿದಾಗ ಪಾತ್ರೆಯೊಳಗೆ ಇಣುಕಿ, ಸೌಟನ್ನು ಅರ್ಧ ತುಂಬಿಸತೊಡಗಿದಳು. ಕೊನೆಗೆ ಕುಳಿತ ಮುತ್ಯಾನಿಗೂ ಅಷ್ಟೇ ಬಂತು. ಯಾರೂ ಹೇಳಿಕೊಟ್ಟಿರಲಿಲ್ಲ.

ಸೈಕಲ್ಲಿನ ವ್ಯಾಜ್ಯಕ್ಕೆ ಇದೇ ಕ್ರಮ ಅನ್ವಯಿಸುತ್ತದೆಯೋ ಇಲ್ಲವೋ ನೋಡಬೇಕು. ಓಣಿಯ ತುದಿಯ ಬೇವಿನ ಮರದವರೆಗೆ ಒಂದು ಸುತ್ತು ಒಬ್ಬರದು, ಸರದಿ ಕಾಯುವವರೇ ಸುತ್ತು ಎಣಿಸಬೇಕು ಎಂದು ಇಬ್ಬರಿಗೂ ಹೇಳಿದ್ದೇನೆ.

ಉಳಿದ ಭಜ್ಜಿ ನಾಳೆಗೆ ಇನ್ನೂ ರುಚಿಯಾಗುತ್ತದೆ. ಹೊಲಕ್ಕೆ ಬರಲಾಗದ ಅಕ್ಕಪಕ್ಕದವರಿಗೆ ಡಬ್ಬಿಗಳಲ್ಲಿ ತುಂಬಿ, ಸಜ್ಜೆ ರೊಟ್ಟಿಯ ಜೊತೆ ಮಕ್ಕಳ ಕೈಯಲ್ಲೇ ಕಳುಹಿಸಬೇಕೆಂದಿದ್ದೇನೆ. ಭಜ್ಜಿ, ರೊಟ್ಟಿ ಎಷ್ಟು ಬೇಕಾದರೂ ಕೊಡೋಣ, ಶೇಂಗಾ ಹೋಳಿಗೆಯನ್ನು ಮಾತ್ರ ಯಾರಿಗೂ ಕೊಡಬಾರದು ಎಂದು ಮಗ ಮಲಗುವ ಮುನ್ನ ಷರತ್ತು ಹಾಕಿದ; ಅವು ಅವನ ಪಾಲಿಗೆ ಬಂದ ಹೋಳಿಗೆಗಳಾದ್ದರಿಂದ ನಾನು ಒಪ್ಪಿಕೊಂಡೆ.